ಎತ್ತಿಟ್ಟ ಎರಡು ಚೀಲ

"ನನ್ನ ರಕ್ತಾನೇ ತೆಗೆದು ನನಗೇ ಕೊಟ್ರೆ ಕಾಯಿಲೆ ಹೆಂಗೋಗುತ್ತೆ ಡಾಕ್ಟ್ರೇ?" ಮೈಲೋಮಾ ಎಂಬ ಮೂಳೆಮಜ್ಜೆಯ ಕ್ಯಾನ್ಸರಿಗೆ ಸ್ವಂತ ಸ್ಟೆಮ್ ಸೆಲ್ ಕಸಿ ಮಾಡಿಸಿಕೊಳ್ಳಲು ಬಂದ ರೈತರೊಬ್ಬರು ಹೀಗೆ ಕೇಳಿದ ಮೇಲೆ, ಪ್ರತಿ ರೋಗಿಗೂ ನಾನು ಮೊದಲು ಹೇಳುವುದು ಇದನ್ನೇ: ಕ್ಯಾನ್ಸರನ್ನು ಹೊಡೆಯುವುದು ರಕ್ತಕಣ ಹುಟ್ಟಿಸುವ ಸ್ಟೆಮ್ ಸೆಲ್ ಅಲ್ಲ, ಮೆಲ್ಫಲಾನ್ ಎಂಬ ಔಷಧ. ದೇಹದ ಮೇಲ್ಮೈಯ ಚದರ ಮೀಟರಿಗೆ 200 ಮಿಲಿಗ್ರಾಂ ಕೊಟ್ಟಾಗ ಮೂಳೆಮಜ್ಜೆಯೂ ಬರಡಾಗುತ್ತದೆ. ಅದಕ್ಕೇ ಮೊದಲೇ ಸೆಲ್ ತೆಗೆದಿಡುವುದು.

"ಬಿತ್ತನೆ ರಾಗಿ ಎತ್ತಿಟ್ಟಂಗೆ" ಎಂದು ಅವರು ಹೆಂಡತಿಯ ಕಡೆ ತಿರುಗಿದರು.

ತೂಕದ ಪ್ರತಿ ಕೆಜಿಗೆ ಕನಿಷ್ಠ 20 ಲಕ್ಷ ಸಿಡಿ34 ಕೋಶ, ಅಂದರೆ ಆ ಗುರುತಿರುವ ಸ್ಟೆಮ್ ಸೆಲ್, ಬೇಕು. 40 ಲಕ್ಷ ಸಿಕ್ಕರೆ ನನಗೆ ನೆಮ್ಮದಿ. ಅವು ಮಜ್ಜೆಯಿಂದ ರಕ್ತಕ್ಕಿಳಿಯಲೆಂದು ನಾಲ್ಕು ದಿನ ಜಿ-ಸಿಎಸ್‌ಎಫ್ ಎಂಬ, ಮಜ್ಜೆಯನ್ನು ಪ್ರಚೋದಿಸುವ ಚುಚ್ಚುಮದ್ದು ಕೊಟ್ಟೆವು. ಸೊಂಟ ಸಿಡಿಯುತ್ತೆ ಎಂದು ಒದ್ದಾಡಿದರು. ಐದನೇ ಬೆಳಗ್ಗೆ ರಕ್ತದಲ್ಲಿ ಆ ಕೋಶಗಳ ಎಣಿಕೆ ಮೈಕ್ರೋಲೀಟರಿಗೆ ಬರೀ 9.

ತಪ್ಪು ನನ್ನದು. ಇವರ ಹಾಗೆ ತಿಂಗಳುಗಟ್ಟಲೆ ಲೆನಾಲಿಡೊಮೈಡ್ ಎಂಬ ಮೈಲೋಮಾ ಔಷಧ ನುಂಗಿದವರಲ್ಲಿ ಕೋಶಗಳು ಸುಲಭಕ್ಕೆ ಇಳಿಯುವುದಿಲ್ಲವೆಂದು ಗೊತ್ತಿತ್ತು. ಕೋಶಗಳನ್ನು ಮಜ್ಜೆಯಿಂದ ಬಿಡಿಸುವ ಪ್ಲೆರಿಕ್ಸಾಫೋರ್ ಚುಚ್ಚುಮದ್ದನ್ನು ಹಿಂದಿನ ರಾತ್ರಿಯೇ ಕೊಡಬೇಕಿತ್ತು. ದುಬಾರಿಯೆಂದು ಕಾದು ನೋಡಿದೆ. ರಕ್ತದಿಂದ ಈ ಕೋಶಗಳನ್ನಷ್ಟೇ ಬೇರ್ಪಡಿಸಿ ಉಳಿದದ್ದನ್ನು ವಾಪಸ್ ಕೊಡುವ ಅಫೆರೆಸಿಸ್ ಯಂತ್ರದ ಪಕ್ಕ ನಾಲ್ಕೂವರೆ ಗಂಟೆ ಮಲಗಿದ್ದರು. ರಕ್ತ ಹೆಪ್ಪುಗಟ್ಟದಿರಲು ಹಾಕುವ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ತುಟಿ ಜುಮುಜುಮು ಎನ್ನತೊಡಗಿತು; ಕ್ಯಾಲ್ಸಿಯಂ ಡ್ರಿಪ್ ಹಾಕಿದೆವು. ಸಂಜೆ ಸಿಕ್ಕಿದ್ದು ಕೆಜಿಗೆ 10 ಲಕ್ಷ. ಅವತ್ತು ರಾತ್ರಿ ಪ್ಲೆರಿಕ್ಸಾಫೋರ್ ಕೊಟ್ಟೆವು. ಮರುದಿನ 31 ಲಕ್ಷ! ಈಗ ನಾನು ಕಾಯುವುದಿಲ್ಲ. ಖರ್ಚಿನ ಮಾತನ್ನು ಮನೆಯವರ ಜೊತೆ ಮೊದಲೇ ಆಡಿಬಿಡುತ್ತೇನೆ.

ಎರಡು ದಿನ ಸಿಕ್ಕ ಕೋಶಗಳ ಎರಡೂ ಚೀಲಗಳನ್ನು 4 ಡಿಗ್ರಿ ಫ್ರಿಜ್‌ನಲ್ಲಿಟ್ಟೆವು. ಎರಡು ಮೂರು ದಿನದೊಳಗೆ ವಾಪಸ್ ಕೊಡುವುದಾದರೆ ದ್ರವ ಸಾರಜನಕದಲ್ಲಿ ಮಂಜುಗಟ್ಟಿಸಿಡುವ ಅಗತ್ಯವಿಲ್ಲ. ಮೆಲ್ಫಲಾನ್ ಹರಿಯುವ ಮೊದಲು, ಹರಿಯುವಾಗ, ಮುಗಿದ ಮೇಲೂ ಬಾಯಲ್ಲಿ ಐಸ್ ಇಟ್ಟುಕೊಳ್ಳಲೇಬೇಕು. ತಂಪಿಗೆ ರಕ್ತನಾಳ ಕುಗ್ಗಿ ಬಾಯಿಗೆ ಔಷಧ ಕಡಿಮೆ ತಲುಪುತ್ತದೆ, ಹುಣ್ಣು ಕಡಿಮೆಯಾಗುತ್ತದೆ. ನಮ್ಮ ನರ್ಸ್ ಪಕ್ಕದಲ್ಲೇ ಕೂತು ತುಂಡು ತುಂಡಾಗಿ ತಿನ್ನಿಸಿದರು.

ಮರುದಿನ ಸಂಜೆ ಎರಡೂ ಚೀಲ ರಕ್ತ ಏರಿಸಿದ ಹಾಗೆಯೇ ಒಳಗೆ ಹೋದವು. ಹೊರಗೆ ಕಾಯುತ್ತಿದ್ದ ಅವರ ತಮ್ಮ, "ಆಪರೇಷನ್ ಯಾವಾಗ?" ಎಂದು ಕೇಳಿದ. ಕಸಿ ಎಂದರೆ ಕತ್ತರಿ ಎಂದೇ ಎಷ್ಟೋ ಮಂದಿ ಹೆದರಿಕೊಂಡಿರುತ್ತಾರೆ.

ಚೀಲ ಏರಿಸಿದ ಏಳನೇ ದಿನ ಜ್ವರ, ಬಿಳಿರಕ್ತಕಣ ಸೊನ್ನೆಯ ಹತ್ತಿರ. ಹನ್ನೊಂದನೇ ದಿನ ಸೋಂಕಿನ ವಿರುದ್ಧ ಹೋರಾಡುವ ಬಿಳಿರಕ್ತಕಣ ನ್ಯೂಟ್ರೋಫಿಲ್ ಮೈಕ್ರೋಲೀಟರಿಗೆ 500 ದಾಟಿತು; ಅಂದರೆ ಮಜ್ಜೆ ಮತ್ತೆ ಚಿಗುರಿತ್ತು. ಮೈಲೋಮಾ ಇದರಿಂದ ಬೇರುಸಹಿತ ಹೋಗುವುದಿಲ್ಲ, ಹೆಚ್ಚಿನವರಲ್ಲಿ ಮರಳಿ ಬರುತ್ತದೆ ಎಂಬುದನ್ನು ನಾನು ಮುಚ್ಚಿಟ್ಟಿರಲಿಲ್ಲ. ಸಿಗುವುದು ಕಾಯಿಲೆ ಸುಮ್ಮನಿರುವ ಕಾಲ.

ಬಿಡುಗಡೆಯ ದಿನ, ಮೂರು ತಿಂಗಳು ಮಣ್ಣು, ಸಗಣಿ ಮುಟ್ಟಬೇಡಿ ಎಂದೆ. "ಹೊಲದ ಬದಿನ ಮೇಲೆ ನಿಂತ್ಕೊಂಡು ನೋಡಬೋದಾ?" ಎಂದರು. ಮಾಸ್ಕ್ ಹಾಕಿಕೊಂಡು ನೋಡಿ ಎಂದೆ.