ಎಳ್ಳಮಾಸಿಗೆ ನಾಯಿ ಕರ್ಕೊಂಡು ಹೊಲಕ್ಕ ಹೊಂಟ್ರ

ಎಳ್ಳಮಾಸಿಗೆ ಮನಿ ಮಂದಿ ಎಲ್ಲಾ ಹೊಲಕ್ಕ ಹೊಂಟಾಗ ನಾಯಿ ಬಿಟ್ಟು ಹೋಗಲಿಕ್ಕೆ ಮನಸ್ಸು ಬರಂಗಿಲ್ಲ. ಕರ್ಕೊಂಡು ಹೋಗ್ರಿ, ಆದ್ರ ಭಜ್ಜಿ ಮಾತ್ರ ಹಾಕಬ್ಯಾಡ್ರಿ. ಅದರಾಗ ಹಸಿಕಾಳಿನ ಜೋಡಿ ಉಳ್ಳಾಗಡ್ಡಿ ತಪ್ಪಲ, ಬಳ್ಳೊಳ್ಳಿ ಇರ್ತಾವ. ಇವೆರಡೂ ನಾಯಿ-ಬೆಕ್ಕಿನ ರಕ್ತದಾಗಿನ ಕೆಂಪು ಕಣ ಒಡೀತಾವ. ಎಷ್ಟು ಕುದಿಸಿದ್ರೂ ಆ ಗುಣ ಹೋಗಂಗಿಲ್ಲ. ನಾಕು ಕೆಜಿ ಬೆಕ್ಕಿಗೆ 20 ಗ್ರಾಂ ಉಳ್ಳಾಗಡ್ಡಿನೇ ಸಾಕು. ಮೋಸ ಏನಂದ್ರ, ತಿಂದ ದಿನ ಏನೂ ಕಾಣಂಗಿಲ್ಲ. ಮೂರು-ನಾಕು ದಿನಕ್ಕ ವಸಡು ಬೆಳ್ಳಗಾಗಿ, ಉಚ್ಚಿ ಕರಿ ಚಹಾದ ಬಣ್ಣಕ್ಕ ತಿರುಗ್ತದ. ಅಷ್ಟೊತ್ತಿಗೆ ಭಜ್ಜಿ ಯಾರಿಗೂ ನೆನಪಿರಂಗಿಲ್ಲ. ಸಜ್ಜಿ ರೊಟ್ಟಿ ತುಣುಕು, ಸಪ್ಪನ ಮೊಸರು ಹಾಕ್ರಿ, ಸಾಕು.

ತೊಗರಿ ಹೊಲದಾಗ ನಾಯಿ ಬಿಚ್ಚಿ ಬಿಡಬ್ಯಾಡ್ರಿ. ಕಾಯಿಕೊರಕ ಹುಳಕ್ಕ ಹೊಡಿಯೋ ಎಣ್ಣಿ ಕಲಸಿದ ಡ್ರಮ್ಮಿನ ಸುತ್ತ ನಿಂತ ನೀರು ನೆಕ್ಕಿದ್ರ ಆತು. ಕುಡಿಯೋ ನೀರು ಮನಿಯಿಂದನೇ ಒಯ್ರಿ. ಜೊಲ್ಲು ಸುರಿಯೋದು, ಮೈ ನಡುಗೋದು, ಕಣ್ಣಿನ ಗೊಂಬಿ ಸಣ್ಣಾಗೋದು ಕಂಡ್ರ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಕೊಂಡು, ಮೈಗೆ ತಾಗಿದ್ದನ್ನ ಸಾಬೂನು ಹಚ್ಚಿ ತೊಳೀರಿ. ಎಣ್ಣಿ ಡಬ್ಬಿ ಸಮೇತ ಡಾಕ್ಟರ್ ಕಡೆ ಒಯ್ರಿ. ಅದರ ಮ್ಯಾಲಿನ ಹೆಸರು ನೋಡಿನೇ ಔಷಧ ಕೊಡಬೇಕಾಗ್ತದ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸೋ ಹಳೇ ಪದ್ಧತಿ ಬಿಡ್ರಿ, ಉಪ್ಪು ಹೆಚ್ಚಾದ್ರ ಅದೇ ವಿಷ. ಅವತ್ತು ಡಾಕ್ಟರೂ ತಮ್ಮ ಹೊಲದಾಗ ಊಟಕ್ಕ ಕುಂತಿರ್ತಾರ, ನಂಬರ್ ಹಿಂದಿನ ದಿನನೇ ಕೇಳಿ ಇಟ್ಕೋರಿ. ಬೀದರಿನವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜು ಅದ.

ರಾತ್ರಿ ಥಂಡಿಗೆ ಶಹಾಬಾದ್ ಫರಸಿ ಮ್ಯಾಲ ನಾಯಿ ಮಲಗಿಸಬ್ಯಾಡ್ರಿ. ಬ್ಯಾಸಿಗಿಗೆ ತಂಪು ಕೊಡೋ ಕಲ್ಲೇ ಈಗ ಮೈ ಕಾವು ಎಳೀತದ. ನಾಕು ಇಂಚು ಎತ್ತರಕ್ಕ ಹಲಗಿ ಇಟ್ಟು, ಗೋಣಿಚೀಲದಾಗ ಒಣ ಹುಲ್ಲು ತುಂಬಿ ಹಾಸ್ರಿ. ಹುಲ್ಲು ಹಸಿ ಆದ ದಿನನೇ ಬದಲಿಸ್ರಿ. ಬಾಗಿಲು ಹಾಕಿದ ಖೋಲ್ಯಾಗ ಶಿಗಡಿ ಇಡಬ್ಯಾಡ್ರಿ, ಕೆಂಡದ ಗಾಳಿಗೆ ವಾಸನಿ ಇರಂಗಿಲ್ಲ, ಮನುಷ್ಯಾರಿಗೂ ಅಪಾಯ.

ಬೆಕ್ಕಿಗೆ ನೆಗಡಿ, ಜ್ವರ ಅಂತ ಪ್ಯಾರಾಸಿಟಮಾಲ್ ಕೊಡೋದು ಅಂತೂ ಬ್ಯಾಡೇ ಬ್ಯಾಡ. ಅದನ್ನ ಕರಗಿಸೋ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. 500 ಮಿಲಿಗ್ರಾಂನ ಒಂದೇ ಗುಳಿಗಿಗೆ ಜೀವ ಹೋಗಬಹುದು. ಮುಂಜಾನೆ ಕಾರು ಚಾಲೂ ಮಾಡೋ ಮುಂದ ಬಾನೆಟ್ ಬಡೀರಿ, ಬಿಸಿ ಎಂಜಿನ್ ಹುಡುಕ್ಕೊಂಡು ಬೆಕ್ಕು ಒಳಗ ಮಲಗಿರ್ತದ.