ಪ್ರೇಕ್ಷಕ ಎಲ್ಲಿ ಕೆಮ್ಮಿದ? ಸಣ್ಣ ಬಜೆಟ್ಟಿನ ಕ್ರೈಮ್ ಥ್ರಿಲ್ಲರನ್ನು ಜನರಿಗೆ ತೋರಿಸಿ ನೋಡುವ ಬಗೆ

ನಾನು ಎಡಿಟರ್. ದೊಡ್ಡ ಸಿನಿಮಾಗಳು ನನ್ನ ಮೇಜಿಗೆ ಬರುವುದಿಲ್ಲ. ಬರುವುದೆಲ್ಲ ಒಂದು ಕೊಲೆ, ಎರಡು ಲೊಕೇಶನ್, ಏಳೆಂಟು ಪಾತ್ರ, ಹೀರೋ ಅಂತ ಯಾರೂ ಇಲ್ಲ, ಆ ಬಗೆಯವು. ನನಗೆ ಅವೇ ಇಷ್ಟ ಕೂಡ. ಆದರೆ ಮೊದಲ ಕಟ್, ಅಂದರೆ ಚಿತ್ರದ ಮೊದಲ ಪೂರ್ತಿ ಜೋಡಣೆ, ಮುಗಿಯುವ ಹೊತ್ತಿಗೆ ನನಗೂ ನಿರ್ದೇಶಕರಿಗೂ ಕಥೆ ಬಾಯಿಪಾಠ ಆಗಿರುತ್ತದೆ. ಕೊಂದವರು ಯಾರು ಅಂತ ನಮಗೆ ಗೊತ್ತು. ತೊಂದರೆ ಇರುವುದೇ ಅಲ್ಲಿ. ಗೊತ್ತಿಲ್ಲದವರ ಕಣ್ಣು ನಮಗೆ ವಾಪಸ್ ಬರುವುದಿಲ್ಲ. ಅದನ್ನು ಬೇರೆಯವರಿಂದ ಎರವಲು ತರಬೇಕು.

ದೊಡ್ಡ ಸ್ಟುಡಿಯೋಗಳು ಟೆಸ್ಟ್ ಸ್ಕ್ರೀನಿಂಗ್, ಅಂದರೆ ಬಿಡುಗಡೆಗೆ ಮುಂಚೆ ಜನರಿಗೆ ತೋರಿಸಿ ನೋಡುವ ಪ್ರದರ್ಶನ, ಮಾಡಿ ನೂರಾರು ಜನರ ಕೈಗೆ ಕಾರ್ಡು ಕೊಡುತ್ತವೆ. ಅತ್ಯುತ್ತಮದಿಂದ ಹಿಡಿದು ಕಳಪೆವರೆಗೆ ಐದು ಖಾನೆ. ಮೇಲಿನ ಎರಡು ಖಾನೆಗೆ ಬಿದ್ದ ಟಿಕ್ಕುಗಳನ್ನು ಕೂಡಿಸಿ ಶೇಕಡಾ ತೆಗೆಯುತ್ತಾರೆ. ನೀವು ಅದನ್ನು ಮಾಡಬೇಡಿ. ನಿಮ್ಮ ಹತ್ತಿರ ಬರುವುದು 20 ಜನ. ಅದರಲ್ಲಿ ಒಬ್ಬರ ಮೂಡ್ ಕೆಟ್ಟಿದ್ದರೂ ಲೆಕ್ಕ ಶೇ. 5 ಆಚೀಚೆ ಆಗುತ್ತದೆ. ಅಂಕಿ ಬೇಡ. ಯಾವ ನಿಮಿಷದಲ್ಲಿ ಏನಾಯಿತು ಅನ್ನುವುದು ಬೇಕು.

ಮೊದಲು ಜನ. ಮನೆಯವರು ಬೇಡ, ಯೂನಿಟ್‌ನವರು ಬೇಡ, ಸ್ಕ್ರಿಪ್ಟ್ ಓದಿದವರಂತೂ ಬೇಡವೇ ಬೇಡ. ಸ್ನೇಹಿತರ ಸ್ನೇಹಿತರು ಸರಿ. ನಿಮ್ಮ ಮುಖ ನೋಡಿ ಸುಳ್ಳು ಹೇಳುವ ದಾಕ್ಷಿಣ್ಯ ಅವರಿಗೆ ಇರುವುದಿಲ್ಲ. ದಿನಕ್ಕೊಂದು ಕ್ರೈಮ್ ಸೀರೀಸ್ ನೋಡುವವರು ಅರ್ಧ ಇರಲಿ, ಇಂಥದ್ದನ್ನು ಅಪರೂಪಕ್ಕೆ ನೋಡುವವರು ಅರ್ಧ ಇರಲಿ. ಮೊದಲನೆಯವರು ಸುಳಿವನ್ನು ಬೇಗ ಹಿಡಿಯುತ್ತಾರೆ. ಎರಡನೆಯವರು ಎಲ್ಲಿ ಗೊಂದಲ ಅಂತ ಬೇಗ ತೋರಿಸುತ್ತಾರೆ.

ಇನ್ನೊಂದು ಮಾತು. ಈ ಬಗೆಯ ಚಿತ್ರಕ್ಕೆ ಒಬ್ಬ ಪ್ರೇಕ್ಷಕ ಒಂದೇ ಸಲ ಉಪಯೋಗಕ್ಕೆ ಬರುವುದು. ಒಮ್ಮೆ ನೋಡಿದ ಮೇಲೆ ಅವರಿಗೂ ಕೊಲೆಗಾರ ಗೊತ್ತು. ಹಾಗಾಗಿ 50 ಜನ ಸಿಕ್ಕರು ಅಂತ ಒಂದೇ ದಿನ ಕೂರಿಸಿ ಖರ್ಚು ಮಾಡಿಕೊಳ್ಳಬೇಡಿ. ಮೂರು ಗುಂಪು ಮಾಡಿ ಇಟ್ಟುಕೊಳ್ಳಿ.

ಬಣ್ಣ ಸರಿ ಮಾಡಿಲ್ಲ, ಪರವಾಗಿಲ್ಲ. ವಿಎಫ್‌ಎಕ್ಸ್ (ಕಂಪ್ಯೂಟರಿನಲ್ಲಿ ಸೇರಿಸುವ ದೃಶ್ಯ) ಜಾಗದಲ್ಲಿ ಕಪ್ಪು ಪರದೆ ಇದೆ, ಅದೂ ಪರವಾಗಿಲ್ಲ. ಶುರುವಿಗೆ ಮುಂಚೆ ಒಂದು ಮಾತು ಹೇಳಿದರೆ ಜನ ಕ್ಷಮಿಸುತ್ತಾರೆ. ಮಾತು ಕೇಳಿಸದಿದ್ದರೆ ಮಾತ್ರ ಕ್ಷಮಿಸುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಏನೆಂದರೆ, ಕೇಳಿಸಲಿಲ್ಲ ಅಂತ ಅವರು ಹೇಳುವುದೂ ಇಲ್ಲ. "ಇಲ್ಲಿ ಸ್ವಲ್ಪ ಸ್ಲೋ" ಅಂತಾರೆ. ಒಮ್ಮೆ ಗೋದಾಮಿನ ದೃಶ್ಯವೊಂದಕ್ಕೆ ಆರು ಜನ ಸ್ಲೋ ಅಂತ ಬರೆದಿದ್ದರು. ಅಲ್ಲಿ ಇಬ್ಬರ ಮಾತು ಪ್ರತಿಧ್ವನಿಯಲ್ಲಿ ಕಲಸಿಹೋಗಿತ್ತು. ಒಂದು ಫ್ರೇಮೂ ಕತ್ತರಿಸದೆ ಸೌಂಡ್ ಮಾತ್ರ ಶುಚಿ ಮಾಡಿದೆವು. ಮುಂದಿನ ಗುಂಪಿನಲ್ಲಿ ಆ ದೂರು ಒಂದೂ ಬರಲಿಲ್ಲ. ಹಿನ್ನೆಲೆಗೆ ಬೇರೆ ಸಿನಿಮಾದ ಸಂಗೀತ ಹಾಕುವ ಚಟ ಇದ್ದರೆ ಈ ಒಂದು ದಿನ ಬಿಡಿ. ಜನ ಆ ಸಂಗೀತಕ್ಕೆ ಬೆಚ್ಚುತ್ತಾರೆ, ನೀವು ನಿಮ್ಮ ದೃಶ್ಯ ಗೆದ್ದಿತು ಅಂದುಕೊಳ್ಳುತ್ತೀರಿ.

ಈಗ ಕತ್ತಲಲ್ಲಿ ಮಾಡಬೇಕಾದ ಕೆಲಸ. ನನ್ನ ಪ್ರಕಾರ ಮುಕ್ಕಾಲು ಪಾಲು ಸತ್ಯ ಇಲ್ಲೇ ಸಿಗುತ್ತದೆ. ಮೊದಲ ಫ್ರೇಮ್ ಬಂದ ಕೂಡಲೇ ಸ್ಟಾಪ್‌ವಾಚ್ ಒತ್ತಿ. ಗೋಡೆ ಪಕ್ಕ ನಿಂತುಕೊಳ್ಳಿ, ಕೂರಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಪರದೆ ನೋಡಬೇಡಿ, ಮುಖ ನೋಡಿ. ಪರದೆಯ ಬೆಳಕು ಮುಖದ ಮೇಲೆ ಬೀಳುತ್ತಿರುತ್ತದೆ, ಅಷ್ಟು ಸಾಕು.

ಕೆಮ್ಮನ್ನು ಬರೆದುಕೊಳ್ಳಿ. ಒಂದು ಕೆಮ್ಮು ಗಂಟಲಿಂದ ಬರುತ್ತದೆ. ಅರ್ಧ ನಿಮಿಷದಲ್ಲಿ ಮೂರು ಕೆಮ್ಮು ಬಂದರೆ ಅದು ದೃಶ್ಯದಿಂದ ಬಂದದ್ದು. ಬಿಗಿ ಇರುವಾಗ ಜನ ಕೆಮ್ಮನ್ನೂ ತಡೆದುಕೊಳ್ಳುತ್ತಾರೆ, ಬಿಗಿ ಸಡಿಲವಾದಾಗ ಬಿಡುತ್ತಾರೆ. ಕುರ್ಚಿಯ ಕಿರುಗುಟ್ಟುವಿಕೆಯೂ ಹಾಗೇ. ಮೊಬೈಲ್ ಬೆಳಕು ಬಂದರೆ ನಿಮಿಷ ಬರೆದು ಕೆಳಗೆ ಎರಡು ಗೀಟು ಹಾಕಿ.

ಪಿಸುಮಾತಿನಲ್ಲಿ ಎರಡು ಜಾತಿ. "ಇವನು ಯಾರು?" ಅಂತ ಪಕ್ಕದವರನ್ನು ಕೇಳುವುದು ಒಂದು. "ಇವನೇ ಕಣೋ, ನಾನು ಹೇಳಲಿಲ್ವಾ!" ಅನ್ನುವುದು ಇನ್ನೊಂದು. ಮೊದಲನೆಯದು ರೋಗ, ಎರಡನೆಯದು ಲಾಭ. ಮಾತು ಕೇಳಿಸದಿದ್ದರೂ ಗುರುತು ಹಿಡಿಯಬಹುದು. ಕೇಳುವವರ ಕಣ್ಣು ಪಕ್ಕದವರ ಕಡೆ ಹೋಗುತ್ತದೆ. ಹೇಳುವವರ ಕಣ್ಣು ಪರದೆ ಬಿಟ್ಟು ಕದಲುವುದಿಲ್ಲ.

ನಗುವಿನಲ್ಲೂ ಹೀಗೇ. ಹೆದರಿದ ನಗು ಚಿಕ್ಕದು, ಫಕ್ಕನೆ ಬಂದು ಕತ್ತರಿಸಿದ ಹಾಗೆ ನಿಲ್ಲುತ್ತದೆ. ಹಿಂದೆಯೇ ಪೂರ್ತಿ ಮೌನ. ಅದು ಬಂದರೆ ಖುಷಿಪಡಿ. ಗೇಲಿಯ ನಗು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನಮ್ಮ ಒಬ್ಬ ವಿಲನ್ ಪಿಸ್ತೂಲು ತೆಗೆಯುವ ಮುಂಚೆ ಎರಡು ಸೆಕೆಂಡ್ ಹೆಚ್ಚು ದಿಟ್ಟಿಸಿದ್ದ. ಜನ ಘೊಳ್ಳೆಂದರು. ಆ ಎರಡು ಸೆಕೆಂಡ್ ಕತ್ತರಿಸಿದ ಮೇಲೆ ಅದೇ ಶಾಟ್‌ಗೆ ಯಾರೂ ನಗಲಿಲ್ಲ.

ಲೈಟ್ ಹಾಕಿದ ಮೇಲೆ ಮೊದಲು ಕಾಗದ, ಆಮೇಲೆ ಮಾತು. ಈ ಕ್ರಮ ತಪ್ಪಬೇಡಿ. ಮಾತು ಮೊದಲಾದರೆ ಗಟ್ಟಿ ಗಂಟಲಿನ ಒಬ್ಬರು "ಸೆಕೆಂಡ್ ಹಾಫ್ ಎಳೆದಿದ್ದಾರೆ" ಅಂತಾರೆ, ಉಳಿದ ಹತ್ತೊಂಬತ್ತು ಜನಕ್ಕೂ ಹಾಗೇ ಅನ್ನಿಸಲು ಶುರುವಾಗುತ್ತದೆ.

ಕಾಗದದಲ್ಲಿ ಪ್ರಶ್ನೆ ಕಡಿಮೆ ಇರಲಿ. ಕಥೆಯನ್ನು ಐದು ವಾಕ್ಯದಲ್ಲಿ ಬರೆಯಿರಿ ಅನ್ನುವುದು ಮೊದಲನೆಯದು. ಚೆನ್ನಾಗಿದೆ ಅಂತ ಬರೆದವರೇ ಕಥೆಯನ್ನು ತಪ್ಪು ಹೇಳಿರುತ್ತಾರೆ, ನೋಡಿ. ಎರಡನೆಯದು ನನ್ನ ಇಷ್ಟದ್ದು: ಪಾತ್ರಗಳನ್ನು ನಿಮಗೆ ನೆನಪಿರುವ ಹಾಗೆ ಪಟ್ಟಿ ಮಾಡಿ. ಹೆಸರು ಬರಬೇಕು ಅಂತಿಲ್ಲ. "ಕೆಂಪು ಶರ್ಟು", "ಕುಂಟುವವನು", "ಸದಾ ಫೋನಲ್ಲಿರುವ ಹೆಂಗಸು" ಅಂತ ಬಂದರೆ ಸಾಕು, ಆ ಪಾತ್ರ ಬದುಕಿದೆ. "ಗಡ್ಡದವನು" ಅಂತ ಬಂದು, ನಿಮ್ಮ ಚಿತ್ರದಲ್ಲಿ ಮೂರು ಗಡ್ಡ ಇದ್ದರೆ ಕೆಲಸ ಇದೆ ಅಂತ ಅರ್ಥ. ಎಂಟು ಜನರಲ್ಲಿ ಒಬ್ಬರು ಯಾರ ಪಟ್ಟಿಯಲ್ಲೂ ಇಲ್ಲದಿದ್ದರೆ, ಆ ಪಾತ್ರ ಚಿತ್ರದಲ್ಲೂ ಇಲ್ಲ ಅಂತಲೇ ತಿಳಿಯಿರಿ. ಮೂರನೆಯದು, ಎಲ್ಲಿ ದಾರಿ ತಪ್ಪಿತು? ಅಷ್ಟೇ. ನೀವಾಗಿದ್ದರೆ ಏನು ಬದಲಿಸುತ್ತಿದ್ದಿರಿ ಅಂತ ಮಾತ್ರ ಕೇಳಬೇಡಿ. ಕೇಳಿದರೆ ಇಪ್ಪತ್ತು ಹೊಸ ಸಿನಿಮಾ ಬರುತ್ತವೆ, ನಿಮ್ಮದು ಒಂದೂ ಇರುವುದಿಲ್ಲ.

ಅನುಮಾನ ಯಾರ ಮೇಲೆ ಅನ್ನುವುದನ್ನು ಕೊನೆಯಲ್ಲಿ ಕೇಳಿ ಪ್ರಯೋಜನ ಇಲ್ಲ. ಮುಗಿದ ಮೇಲೆ ಎಲ್ಲರೂ "ನನಗೆ ಮೊದಲೇ ಗೊತ್ತಿತ್ತು" ಅನ್ನುವವರೇ. ಒಂದು ಗುಂಪಿಗೆ ಮಾತ್ರ ಚಿತ್ರವನ್ನು ಮಧ್ಯದಲ್ಲಿ ನಿಲ್ಲಿಸಿ, ಚೀಟಿ ಕೊಟ್ಟು, ಈಗ ಯಾರ ಮೇಲೆ ಅನುಮಾನ ಅಂತ ಬರೆಸಿ. ನಿಲ್ಲಿಸಿದರೆ ಓಟ ಕೆಡುತ್ತದೆ, ಹಾಗಾಗಿ ಬೇಸರದ ಲೆಕ್ಕವನ್ನು ಆ ಗುಂಪಿನಿಂದ ತೆಗೆಯಬೇಡಿ.

ಚೀಟಿ ಓದುವಾಗ ಗಾಬರಿ ಬೇಡ. ಹೆಸರುಗಳು ನಾಲ್ಕೈದು ಜನರ ಮೇಲೆ ಹಂಚಿಹೋಗಿದ್ದರೆ ಒಳ್ಳೆಯದು. ಎಲ್ಲರೂ ಒಬ್ಬನನ್ನೇ ಬರೆದಿದ್ದರೆ ಸುಳಿವು ಜಾಸ್ತಿ ಆಯಿತು ಅಂತ ನಿರ್ದೇಶಕರು ಕತ್ತರಿ ಹಿಡಿಯುತ್ತಾರೆ. ತಡೆಯಿರಿ. ಸಣ್ಣ ಬಜೆಟ್ಟಿನಲ್ಲಿ ಇದಕ್ಕೆ ಬೇರೆ ಕಾರಣ ಇರುತ್ತದೆ. ಎಂಟು ಹೊಸ ಮುಖಗಳ ನಡುವೆ ಒಬ್ಬ ಮಾತ್ರ ಹೆಸರಿರುವ ನಟ, ಅವನಿಗೆ ಪಕ್ಕದ ಮನೆಯವನ ಪಾತ್ರ. ಇಷ್ಟು ದೊಡ್ಡವನನ್ನು ಸುಮ್ನೆ ಯಾಕೆ ಹಾಕುತ್ತಾರೆ ಅಂತ ಜನ ಯೋಚಿಸುತ್ತಾರೆ ಅಲ್ವಾ? ಸುಳಿವು ಕಥೆಯಲ್ಲಿಲ್ಲ, ಪೋಸ್ಟರಿನಲ್ಲಿದೆ. ಮೊದಲ ಅರ್ಧದಲ್ಲೇ ಅವನಿಗೆ ಒಂದು ಸ್ವಂತ ಕೆಲಸ, ಒಂದು ಸ್ವಂತ ಚಿಂತೆ ಕೊಟ್ಟರೆ ಅನುಮಾನ ತೆಳುವಾಗುತ್ತದೆ.

ಗೊತ್ತಾಗಿಬಿಟ್ಟರೂ ಎಲ್ಲ ಮುಳುಗುವುದಿಲ್ಲ. ಥ್ರಿಲ್ಲರ್‌ಗಳಿಗೆ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರೂಫೋಗೆ ಹೇಳಿದ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಇದಕ್ಕೇ. ಬಾಂಬ್ ಇರುವುದು ಗೊತ್ತಿಲ್ಲದೆ ಸಿಡಿದರೆ ಪ್ರೇಕ್ಷಕರಿಗೆ 15 ಸೆಕೆಂಡಿನ ಬೆರಗು. ಮೊದಲೇ ಗೊತ್ತಿದ್ದರೆ 15 ನಿಮಿಷದ ತಳಮಳ. ನಾನು ಹೆದರುವುದು ಖಾಲಿ ಚೀಟಿಗೆ. ಯಾರಾದರೇನು ಅನ್ನಿಸಿದಾಗಲೇ ಜನ ಖಾಲಿ ಬಿಡುವುದು.

ಈಗ ನನ್ನ ಸ್ವಂತ ತಪ್ಪು. ಒಂದು ಚಿತ್ರದಲ್ಲಿ 18 ಜನರ ಗುಂಪು. 47ನೇ ನಿಮಿಷಕ್ಕೆ ಐದು ಮೊಬೈಲ್ ಹೊತ್ತಿಕೊಂಡವು. ಅಲ್ಲಿ ನಾಲ್ಕು ನಿಮಿಷದ ಒಂದು ದೃಶ್ಯ, ಕಾರಿನೊಳಗೆ ಇಬ್ಬರು ಹಣದ ಚೀಲದ ಬಗ್ಗೆ ಜಗಳವಾಡುವುದು. ನಿರ್ದೇಶಕ ಹುಡುಗ "ಅಕ್ಕಾ, ಜನಕ್ಕೆ ತಾಳ್ಮೆ ಇಲ್ಲ, ಕಟ್ ಮಾಡಿಬಿಡಿ" ಅಂದ. ನಾನೂ ಒಪ್ಪಿದೆ. ಒಂದೂವರೆ ನಿಮಿಷಕ್ಕೆ ಇಳಿಸಿದೆ. ಎರಡನೇ ಗುಂಪು ಬಂತು. ಅದೇ ಜಾಗ, ಅದೇ ಬೆಳಕು.

ಆಮೇಲೆ ಕುಳಿತು ಎರಡೂ ಗುಂಪಿನ ಐದು ವಾಕ್ಯದ ಕಥೆಗಳನ್ನು ಓದಿದೆ. ಅರ್ಧಕ್ಕಿಂತ ಜಾಸ್ತಿ ಜನ, ಚೀಲ ಸತ್ತವನ ಹತ್ತಿರ ಇತ್ತು ಅಂತ ಬರೆದಿದ್ದರು. ನಮ್ಮ ಕಥೆಯಲ್ಲಿ ಅದು 12ನೇ ನಿಮಿಷದಲ್ಲೇ ಕೈ ಬದಲಾಗಿತ್ತು. ಆದರೆ ಆ ದೃಶ್ಯ ರಾತ್ರಿಯದು, ಇಬ್ಬರೂ ಸಣಕಲು, ಇಬ್ಬರಿಗೂ ಗಡ್ಡ, ಇಬ್ಬರದೂ ಕಡು ಬಣ್ಣದ ಶರ್ಟು. 12ರಲ್ಲಿ ದಾರಿ ತಪ್ಪಿದವರು 47ರವರೆಗೆ ಮರ್ಯಾದೆಗೆ ಕೂತಿದ್ದರು, ಅಲ್ಲಿ ಕೈಬಿಟ್ಟರು. ಎತ್ತಿಗೆ ಜ್ವರ ಬಂದರೆ ನಾನು ಎಮ್ಮೆಗೆ ಬರೆ ಹಾಕಿದ್ದೆ. ಅಂದಿನಿಂದ ಜನ ಬೇಸರಗೊಂಡ ಜಾಗ ಸಿಕ್ಕಿದರೆ ಅಲ್ಲಿಗೆ ಕತ್ತರಿ ಹಾಕುವುದಿಲ್ಲ. ಹಿಂದಕ್ಕೆ ಹೋಗುತ್ತೇನೆ. ಈ ದೃಶ್ಯ ಅರ್ಥವಾಗಲು ಏನು ಗೊತ್ತಿರಬೇಕಿತ್ತು, ಅದನ್ನು ಎಲ್ಲಿ ಹೇಳಿದ್ದೆವು, ಕೇಳಿಸುವ ಹಾಗೆ ಹೇಳಿದ್ದೆವಾ, ಅಂತ.

ರೀಶೂಟಿಗೆ ದುಡ್ಡಿರಲಿಲ್ಲ. ನಟರ ಡೇಟೂ ಇರಲಿಲ್ಲ. ಚೀಲ ಪಡೆದವನ ಹೆಬ್ಬೆರಳಿಗೆ ಕಥೆಯಲ್ಲಿ ಬ್ಯಾಂಡೇಜ್ ಇತ್ತು. ನಮ್ಮ ಸಹಾಯಕನ ಹೆಬ್ಬೆರಳಿಗೆ ಅಂಥದ್ದೇ ಸುತ್ತಿ, ಎಡಿಟಿಂಗ್ ರೂಮಿನ ನೆಲದ ಮೇಲೆ, ಒಂದು ಟಾರ್ಚ್ ಬೆಳಕಲ್ಲಿ, ಕೈ ಚೀಲದ ಹಿಡಿಕೆ ಹಿಡಿಯುವ ಶಾಟ್ ತೆಗೆದೆವು. ಮೂರು ಸೆಕೆಂಡಿನ ಇನ್ಸರ್ಟ್, ಅಂದರೆ ದೃಶ್ಯದ ನಡುವೆ ಸೇರಿಸುವ ಚಿಕ್ಕ ಶಾಟ್. ಬೆನ್ನು ಕಾಣುವ ಶಾಟ್ ಮೇಲೆ ಒಂದು ಸಾಲು ಡಬ್ ಮಾಡಿ ಅವನ ಹೆಸರು ಹಿಡಿದು ಕರೆಸಿದೆವು. ಕಾರಿನ ದೃಶ್ಯವನ್ನು ಪೂರ್ತಿ ನಾಲ್ಕು ನಿಮಿಷಕ್ಕೆ ವಾಪಸ್ ತಂದೆ. ಮೂರನೇ ಗುಂಪಿನಲ್ಲಿ ಒಂದು ಮೊಬೈಲೂ ಹೊತ್ತಿಕೊಳ್ಳಲಿಲ್ಲ. ಹಾಗಾಗಿ ಶೂಟಿಂಗಿನ ಕೊನೆಯ ದಿನ ಬಟ್ಟೆ, ಉಂಗುರ, ಚೀಲ, ಬೀಗದ ಕೈ, ಎಲ್ಲವನ್ನೂ ಒಂದು ಡಬ್ಬದಲ್ಲಿ ಹಾಕಿ ಎಡಿಟರ್ ಹತ್ತಿರ ಕೊಟ್ಟುಬಿಡಿ. ಬಾಡಿಗೆ ಬಟ್ಟೆಯಾದರೆ ಒಂದು ಫೋಟೋ ಆದರೂ ಇರಲಿ.

ಎಲ್ಲ ದೂರಿಗೂ ಬಗ್ಗಬೇಕಾಗಿಲ್ಲ. ಅಮೆರಿಕದ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ 1956ರ 'ದಿ ಕಿಲ್ಲಿಂಗ್' ಚಿತ್ರದಲ್ಲಿ ಒಂದು ದರೋಡೆಯನ್ನು ಕಾಲದಲ್ಲಿ ಹಿಂದೆ ಮುಂದೆ ಹಾರಿಸಿ ಹೇಳಿದ್ದರು. ಮೊದಲು ನೋಡಿದ ಕೆಲವರು ತಲೆ ಕೆಡುತ್ತದೆ ಅಂದರು. ಕುಬ್ರಿಕ್ ಅದನ್ನು ನೇರ ಕ್ರಮಕ್ಕೆ ಮರುಜೋಡಿಸಿ ನೋಡಿ, ಜೀವ ಹೋಯಿತು ಅನ್ನಿಸಿ, ಮೊದಲಿನಂತೆಯೇ ಬಿಟ್ಟರು. ನನಗೆ ಇಷ್ಟವಾಗುವುದು ಅವರ ಹಟಕ್ಕಿಂತ ಆ ನಡುವಿನ ಕೆಲಸ. ಜೋಡಿಸಿ ನೋಡಿದರು. ವಾದ ಮಾಡುವುದಕ್ಕಿಂತ ಬೇರೆ ಟೈಮ್‌ಲೈನಿನಲ್ಲಿ ಒಂದು ಮಧ್ಯಾಹ್ನ ಹಾಗೆ ಕತ್ತರಿಸಿ ನೋಡುವುದೇ ಬೇಗ ಮುಗಿಯುತ್ತದೆ.

ಬಿಡುಗಡೆಯಾದ ಮೇಲಿನ ಪ್ರತಿಕ್ರಿಯೆ ಬೇರೆಯೇ ಪ್ರಾಣಿ. ಅಮೆರಿಕದಲ್ಲಿ ಸಿನೆಮಾಸ್ಕೋರ್ ಅನ್ನುವ ಸಂಸ್ಥೆ 1979ರಿಂದ ಇದೆ. ಮೊದಲ ದಿನ ನೋಡಿ ಹೊರಬಂದವರ ಕೈಲಿ ಗ್ರೇಡ್ ಹಾಕಿಸುತ್ತದೆ. ಆ ಗ್ರೇಡ್ ಚಿತ್ರ ಎಷ್ಟು ಒಳ್ಳೆಯದು ಅನ್ನುವುದಕ್ಕಿಂತ, ಏನು ನಂಬಿ ಬಂದರೋ ಅದು ಸಿಕ್ಕಿತಾ ಅನ್ನುವುದನ್ನು ಹೇಳುತ್ತದೆ. ಆರು ಜನ ಒಂದು ಕೋಣೆಯಲ್ಲಿ ಕುಳಿತು ಒಬ್ಬರ ಮೇಲೊಬ್ಬರು ಸಂಶಯಪಡುವ ಚಿತ್ರಕ್ಕೆ ಬರೀ ಗುಂಡಿನ ಸದ್ದಿನ ಟ್ರೈಲರ್ ಬಿಟ್ಟರೆ ಜನ ಬೈದೇ ಬೈಯುತ್ತಾರೆ. ಬೈಗುಳ ಟ್ರೈಲರಿಗೆ, ಪೆಟ್ಟು ಸಿನಿಮಾಕ್ಕೆ. ವಿಮರ್ಶೆಗಳನ್ನು ಒಟ್ಟುಗೂಡಿಸುವ ವೆಬ್‌ಸೈಟ್ ರಾಟನ್ ಟೊಮ್ಯಾಟೋಸ್‌ನ ಶೇಕಡಾ ಅಂಕಿಯನ್ನೂ ತಪ್ಪು ಓದಬೇಡಿ. ಶೇ. 60 ಅಂದರೆ ನೂರಕ್ಕೆ 60 ಅಂಕ ಅಲ್ಲ. ನೂರು ವಿಮರ್ಶಕರಲ್ಲಿ 60 ಜನ ಒಟ್ಟಾರೆ ಮೆಚ್ಚಿದರು ಅಂತ.

ಇನ್ನು, ಗೋಡೆ ಪಕ್ಕ ಯಾಕೆ ನಿಲ್ಲಬೇಕು ಅಂತ ಹೇಳುತ್ತೇನೆ ಅಂದಿದ್ದೆ. ಮೊದಮೊದಲು ನಾನು ಮುಂದಿನ ಸಾಲಿನ ಮೂಲೆಯಲ್ಲಿ ಕುರ್ಚಿ ತಿರುಗಿಸಿಕೊಂಡು, ಜನರ ಕಡೆ ಮುಖ ಮಾಡಿ, ಮಡಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡು ಕೂರುತ್ತಿದ್ದೆ. ಒಂದು ದಿನ ಚಿತ್ರವನ್ನು ಮಧ್ಯೆ ನಿಲ್ಲಿಸಿ ಅನುಮಾನದ ಚೀಟಿ ಹಂಚಿದೆವು. ಹದಿನಾರು ಚೀಟಿ ವಾಪಸ್ ಬಂದವು. ಹನ್ನೊಂದರಲ್ಲಿ ಲಾಯರ್, ನಾಲ್ಕರಲ್ಲಿ ತಮ್ಮ. ಉಳಿದ ಒಂದರಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: "ಮೂಲೆಯಲ್ಲಿ ಕೂತು ಒಂದು ಗಂಟೆಯಿಂದ ನಮ್ಮನ್ನೇ ದಿಟ್ಟಿಸುತ್ತಿರುವ ಹೆಂಗಸಿನ ಮೇಲೆ."