ನಿಮ್ಮ ಕ್ಯಾರೆಕ್ಟರ್ ಶೀಟ್ ಇರುವ ಸೈಟ್ ಮಾರಾಟವಾದರೆ ಏನು ಮಾಡಬೇಕು

ನೀವು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಂಥ, ಒಂದೊಂದು ಪಾತ್ರವಾಗಿ ಕಥೆ ಆಡುವ ಆಟದವರು. ಆಟದ ಗುಂಪಿನಲ್ಲಿ ಯಾರೋ ಒಂದು ಲಿಂಕ್ ಹಾಕುತ್ತಾರೆ. ನೀವು ವಾರ ವಾರ ಬಳಸುವ ಕ್ಯಾರೆಕ್ಟರ್ ಶೀಟ್ (ನಿಮ್ಮ ಪಾತ್ರದ ಶಕ್ತಿ, ಆಯುಧ, ಅಂಕಗಳನ್ನೆಲ್ಲ ಬರೆದಿಡುವ ಹಾಳೆ) ಸೈಟನ್ನು ಗೇಮ್ ಪ್ರಕಾಶಕರೊಬ್ಬರು ಕೊಂಡುಕೊಂಡಿದ್ದಾರಂತೆ. ಹತ್ತೇ ನಿಮಿಷದಲ್ಲಿ ಅರ್ಧ ಜನ ‘ಮುಗೀತು ಕಥೆ’ ಅಂತಾರೆ. ಉಳಿದವರು ‘ಇನ್ಮೇಲೆ ಪುಸ್ತಕ ಕೊಂಡರೆ ಡಿಜಿಟಲ್ ಕಾಪಿ ಫ್ರೀ’ ಅಂತಾರೆ. ಎರಡೂ ಆಗುವುದಿಲ್ಲ, ಕೊನೇಪಕ್ಷ ಅವತ್ತೇ ಆಗುವುದಿಲ್ಲ. ಇಂಥ ಮಾರಾಟದಲ್ಲಿ ಮೊದಲ ದಿನ ಏನೂ ಬದಲಾಗುವುದಿಲ್ಲ. ದೊಡ್ಡ ಬದಲಾವಣೆ ಬರುವುದು ವರ್ಷ ಕಳೆದ ಮೇಲೆ, ಎಲ್ಲರೂ ಮರೆತಿರುವಾಗ. ಅದಕ್ಕೇ ಸುದ್ದಿ ಬಿಸಿಯಾಗಿರುವಾಗಲೇ ಒಂದು ಸಂಜೆ ಕೂತು ಕೆಲವು ಕೆಲಸ ಮುಗಿಸಿಬಿಡಿ.

ಉದಾಹರಣೆಗೆ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ ಪುಸ್ತಕ, ಕ್ಯಾರೆಕ್ಟರ್ ಶೀಟ್ ಎಲ್ಲ ಆನ್‌ಲೈನ್‌ನಲ್ಲಿ ಸಿಗುವ ಡಿ ಆ್ಯಂಡ್ ಡಿ ಬಿಯಾಂಡ್ ಸೈಟಿನ ಕಥೆಯನ್ನೇ ತೆಗೆದುಕೊಳ್ಳೋಣ. ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. 2017ರ ಆಗಸ್ಟ್‌ನಲ್ಲಿ ಕರ್ಸ್ ಅನ್ನುವ ಕಂಪನಿ ಇದನ್ನು ಶುರು ಮಾಡಿತು. 2018ರ ಕೊನೆಗೆ ಅದು ಫ್ಯಾಂಡಮ್ ಅನ್ನುವ ಕಂಪನಿಯ ಕೈಗೆ ಹೋಯಿತು. 2022ರ ಏಪ್ರಿಲ್ 13ರಂದು ಆಟಿಕೆ ಕಂಪನಿ ಹ್ಯಾಸ್ಬ್ರೋ ಇದನ್ನು 14.63 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಪುಸ್ತಕಗಳನ್ನು ತರುವ ವಿಝರ್ಡ್ಸ್ ಆಫ್ ದ ಕೋಸ್ಟ್ ಇದೇ ಹ್ಯಾಸ್ಬ್ರೋಗೆ ಸೇರಿದ್ದು. ಅಂದರೆ ಅಲ್ಲಿಯವರೆಗೆ ಆಟ ಒಬ್ಬರದ್ದು, ಆಟದ ಟೂಲ್ ಇನ್ನೊಬ್ಬರದ್ದು. ಅಂಗಡಿಯಲ್ಲಿ ಪುಸ್ತಕ ಕೊಂಡವರು ಸೈಟಿನಲ್ಲಿ ಅದೇ ಪುಸ್ತಕಕ್ಕೆ ಮತ್ತೆ ದುಡ್ಡು ಕೊಡಬೇಕಾಗಿದ್ದುದಕ್ಕೆ ಮುಖ್ಯ ಕಾರಣ ಅದೇ.

ವ್ಯವಹಾರ ಪೂರ್ತಿಯಾಗಿದ್ದು ಮೇ ತಿಂಗಳಲ್ಲಿ. ಪ್ರಕಟಣೆ ಬಂದ ದಿನ ಬೇರೆ, ಸೈಟ್ ಕೈ ಬದಲಾಗುವ ದಿನ ಬೇರೆ ಅನ್ನುವುದನ್ನು ಗಮನಿಸಿ. ನಡುವೆ ಸಿಗುವ ಈ ಕೆಲವು ವಾರಗಳೇ ನಿಮಗೆ ಆರಾಮಾಗಿ ಕೆಲಸ ಮಾಡಲು ಸಿಗುವ ಸಮಯ. ಪ್ರಕಟಣೆಯನ್ನು ಒಂದು ಸಲ ಓದಿ. ಆದರೆ ‘ಸಮುದಾಯಕ್ಕೆ ನಮ್ಮ ಬದ್ಧತೆ’ ಅನ್ನುವ ಪ್ಯಾರಾಗಳನ್ನು ಬಿಟ್ಟು ಮೂರೇ ವಿಷಯ ಹುಡುಕಿ. ಲಾಗಿನ್ ಬದಲಾಗುತ್ತದೆಯೇ, ಈಗಾಗಲೇ ಕೊಂಡದ್ದು ಉಳಿಯುತ್ತದೆಯೇ, ಸಬ್‌ಸ್ಕ್ರಿಪ್ಷನ್ ದರ ಏನಾಗುತ್ತದೆ. ಇವುಗಳ ಬಗ್ಗೆ ಏನೂ ಹೇಳಿಲ್ಲ ಅಂದರೆ ಇನ್ನೂ ತೀರ್ಮಾನ ಆಗಿಲ್ಲ ಎಂದುಕೊಳ್ಳಿ.

ಮೊದಲು ಕ್ಯಾರೆಕ್ಟರ್‌ಗಳು

ನಿಮ್ಮ ಕ್ಯಾರೆಕ್ಟರ್ ಶೀಟನ್ನು ಪಿಡಿಎಫ್ ಮಾಡಿ ಇಳಿಸಿಕೊಳ್ಳಿ. ಬಿಯಾಂಡ್‌ನಲ್ಲಿ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಶೀಟಿನ ಮೆನುವಿನಲ್ಲೇ ಬಟನ್ ಇದೆ. ಈಗ ಆಡುತ್ತಿರುವ ಕ್ಯಾರೆಕ್ಟರ್ ಒಂದೇ ಸಾಲದು. ಸತ್ತವರು, ನಿಂತುಹೋದ ಕ್ಯಾಂಪೇನ್‌ನವರು (ಕ್ಯಾಂಪೇನ್ ಅಂದರೆ ವಾರಗಟ್ಟಲೆ ಮುಂದುವರಿಯುವ ಒಂದು ಕಥೆ), ಸುಮ್ನೆ ಖುಷಿಗೆ ಮಾಡಿಟ್ಟವರು, ಎಲ್ಲರದ್ದೂ ಬೇಕು. ಹಳೆಯ ಮಾಂತ್ರಿಕನೊಬ್ಬ ಮೂರು ವರ್ಷದ ಮೇಲೆ ಯಾವುದೋ ಹೋಟೆಲಿನ ಮೂಲೆಯಲ್ಲಿ ಮತ್ತೆ ಸಿಗಬೇಕು ಅಂತ ನಿಮ್ಮ ಡಿಎಂಗೆ (ಕಥೆ ನಡೆಸುವ ಡಂಜನ್ ಮಾಸ್ಟರ್‌ಗೆ) ಅನ್ನಿಸುತ್ತದೆ, ಆಗ ಶೀಟ್ ಇಲ್ಲದಿದ್ದರೆ ಬೇಜಾರು.

ಆದರೆ ಪಿಡಿಎಫ್ ಇದ್ದ ಮಾತ್ರಕ್ಕೆ ಎಲ್ಲ ಉಳಿದಂತಲ್ಲ. ಅದರಲ್ಲಿ ಉತ್ತರ ಇರುತ್ತದೆ, ಲೆಕ್ಕ ಇರುವುದಿಲ್ಲ. ನಿಮ್ಮ ಫೈಟರ್‌ನ ಆರ್ಮರ್ ಕ್ಲಾಸ್ (ಏಟಿನಿಂದ ಕಾಪಾಡುವ ಅಂಕ) 19 ಅಂತ ಬರೆದಿರುತ್ತದೆ. ಅದು ಹೇಗೆ ಬಂತು? ಚೈನ್ ಮೇಲ್ ಕವಚಕ್ಕೆ 16, ಶೀಲ್ಡ್‌ಗೆ 2, ಡಿಫೆನ್ಸ್ ಫೈಟಿಂಗ್ ಸ್ಟೈಲ್‌ಗೆ 1. ಇಷ್ಟು ದಿನ ಇದನ್ನು ಸೈಟ್ ಕೂಡುತ್ತಿತ್ತು, ನೀವು ತಲೆ ಕೆಡಿಸಿಕೊಂಡಿರಲಿಲ್ಲ. ನಾಳೆ ಶೀಲ್ಡ್ ಮುರಿದರೆ ಕಾಗದದ ಮೇಲಿನ 19ನ್ನು ನೋಡಿಕೊಂಡು ಕೂರಬೇಕಾಗುತ್ತದೆ. ಆದ್ದರಿಂದ ಪಿಡಿಎಫ್ ತೆಗೆದ ಮೇಲೆ ಆರ್ಮರ್ ಕ್ಲಾಸ್, ಅಟ್ಯಾಕ್ ಬೋನಸ್, ಸ್ಪೆಲ್ ಸೇವ್ (ನಿಮ್ಮ ಮಂತ್ರದಿಂದ ತಪ್ಪಿಸಿಕೊಳ್ಳಲು ಎದುರಾಳಿ ಮುಟ್ಟಬೇಕಾದ ಅಂಕ), ಈ ಮೂರರ ಪಕ್ಕ ಲೆಕ್ಕ ಬರೆದಿಡಿ. ಕ್ಯಾರೆಕ್ಟರ್ ಒಂದಕ್ಕೆ ಐದು ನಿಮಿಷ ಹಿಡಿಯುತ್ತದೆ, ಅಷ್ಟೇ. ಜೊತೆಗೆ ನಿಮ್ಮ ಆಟ ನಿಮಗೇ ಚೆನ್ನಾಗಿ ಅರ್ಥವಾಗುತ್ತದೆ. ಸೈಟನ್ನು ನಂಬಿಕೊಂಡು ಎರಡು ವರ್ಷ ಆಡಿದವರಿಗೂ ಪ್ರೊಫಿಷಿಯನ್ಸಿ ಬೋನಸ್ (ಲೆವೆಲ್ ಏರಿದಂತೆ ಹೆಚ್ಚುವ ಕೌಶಲದ ಅಂಕ) ಎಲ್ಲೆಲ್ಲಿ ಸೇರುತ್ತದೆ ಅಂತ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ.

ಆಮೇಲೆ ನೀವೇ ಬರೆದದ್ದು. ಬ್ಯಾಕ್‌ಸ್ಟೋರಿ, ಸೆಷನ್ ನೋಟ್ಸ್, ಡಿಎಂ ಗುಟ್ಟಾಗಿ ಬರೆದಿಟ್ಟ ಟಿಪ್ಪಣಿ, ಹೋಮ್‌ಬ್ರೂ (ಅಂದರೆ ಪುಸ್ತಕದಲ್ಲಿಲ್ಲದ, ನೀವೇ ಕಟ್ಟಿದ) ರಾಕ್ಷಸರು, ನಿಮ್ಮ ಕೈಯಾರೆ ಮಾಡಿದ ಮಾಯಾ ಕತ್ತಿ. ಅಂಗಡಿಯಲ್ಲಿ ಸಿಗುವ ಪುಸ್ತಕ ಇನ್ನೊಂದು ಸಲ ಸಿಗುತ್ತದೆ, ಇವು ಸಿಗುವುದಿಲ್ಲ. ಒಂದೊಂದನ್ನೇ ಕಾಪಿ ಮಾಡಿ ಮಾಮೂಲಿ ಟೆಕ್ಸ್ಟ್ ಫೈಲಿಗೆ ಹಾಕಿಕೊಳ್ಳುವುದು ಬೋರಿಂಗ್ ಕೆಲಸ, ಒಪ್ಪುತ್ತೇನೆ. ಹಾಡು ಹಾಕಿಕೊಂಡು ಮಾಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ಸಾಲದೇ ಅಂತ ಕೇಳಬೇಡಿ. ಅದರೊಳಗೆ ಹುಡುಕಲಾಗದು, ಬೇರೆ ಟೂಲಿಗೆ ಹಾಕುವಾಗ ಎಲ್ಲ ಮತ್ತೆ ಟೈಪ್ ಮಾಡಬೇಕು.

ದುಡ್ಡು ಕಟ್ಟುತ್ತಿರುವವರು ಯಾರು?

ಹೆಚ್ಚಿನ ಗುಂಪುಗಳಲ್ಲಿ ಒಬ್ಬರೇ ಪುಸ್ತಕ ಕೊಂಡಿರುತ್ತಾರೆ, ಉಳಿದವರು ಅವರ ಹೆಸರಿನಲ್ಲಿ ಬದುಕುತ್ತಿರುತ್ತಾರೆ. ಬಿಯಾಂಡ್‌ನಲ್ಲಿ ಮಾಸ್ಟರ್ ಸಬ್‌ಸ್ಕ್ರಿಪ್ಷನ್ ಇರುವ ಒಬ್ಬರು ಸಾಕು, ಆ ಕ್ಯಾಂಪೇನ್‌ನಲ್ಲಿ ಇರುವವರೆಲ್ಲ ಪುಸ್ತಕಗಳನ್ನು ಹಂಚಿಕೊಳ್ಳಬಹುದು. ಫ್ರೀ ಅಕೌಂಟಿನಲ್ಲಿ ಆರು ಕ್ಯಾರೆಕ್ಟರ್‌ಗಳಿಗೆ ಮಾತ್ರ ಜಾಗ. ಇದೆಲ್ಲ ಚೆನ್ನಾಗಿಯೇ ನಡೆಯುತ್ತದೆ. ಆದರೆ ಮಾರಾಟದ ಸುದ್ದಿ ಬಂದಾಗ ಮೊದಲು ಸಿಟ್ಟಾಗಿ ಸಬ್‌ಸ್ಕ್ರಿಪ್ಷನ್ ನಿಲ್ಲಿಸುವವರು ಸಾಮಾನ್ಯವಾಗಿ ಪುಸ್ತಕ ಕೊಂಡ ಇವರೇ, ಏಕೆಂದರೆ ಜಾಸ್ತಿ ದುಡ್ಡು ಹಾಕಿರುವುದು ಇವರು. ಅವರು ನಿಲ್ಲಿಸಿದರೆ ಇಡೀ ಮೇಜಿನವರ ಪುಸ್ತಕಗಳು ಮಾಯ. ನಮ್ಮ ಗುಂಪಿನಲ್ಲಿ ಒಮ್ಮೆ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ, ಡಿಎಂ ಕಾರ್ಡಿನ ಅವಧಿ ಮುಗಿದಿತ್ತು ಅಷ್ಟೇ. ಅವತ್ತು ಲೆವೆಲ್ ಏರಿಸಲು ಕೂತ ಮೂವರಿಗೂ ಬೇಕಾದ ಸಬ್‌ಕ್ಲಾಸ್ (ಫೈಟರ್, ಡ್ರೂಯಿಡ್‌ನಂಥ ಕ್ಲಾಸಿನೊಳಗಿನ ಕವಲು) ಪಟ್ಟಿಯಲ್ಲೇ ಇಲ್ಲ. ಅರ್ಧ ಗಂಟೆ ಬ್ರೌಸರ್ ರಿಫ್ರೆಶ್ ಮಾಡಿದೆವು.

ಆದ್ದರಿಂದ ಗುಂಪಿನಲ್ಲಿ ನೇರವಾಗಿ ಕೇಳಿ. ಯಾವ ಪುಸ್ತಕ ಯಾರ ಹೆಸರಿನಲ್ಲಿದೆ, ಸಬ್‌ಸ್ಕ್ರಿಪ್ಷನ್ ಯಾವ ತಾರೀಖಿಗೆ ನವೀಕರಣ ಆಗುತ್ತದೆ, ನಿಲ್ಲಿಸುವ ಯೋಚನೆ ಇದ್ದರೆ ಎಷ್ಟು ದಿನ ಮುಂಚೆ ಹೇಳುತ್ತೀರಿ. ಖರೀದಿಯ ಇಮೇಲ್‌ಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ. ಲಾಗಿನ್ ವ್ಯವಸ್ಥೆ ಬದಲಾದಾಗ ‘ಇದು ನಾನು ಕೊಂಡದ್ದು’ ಎಂದು ತೋರಿಸಲು ಅದೊಂದೇ ದಾರಿ.

ಇಲ್ಲಿ ಒಂದು ಕಹಿ ಮಾತು. ಸೈಟಿನಲ್ಲಿ ‘ಖರೀದಿ’ ಅಂತ ಒತ್ತಿದಾಗ ನಿಮಗೆ ಸಿಗುವುದು ಪುಸ್ತಕ ಅಲ್ಲ, ನೋಡುವ ಅನುಮತಿ. 2009ರ ಏಪ್ರಿಲ್‌ನಲ್ಲಿ ವಿಝರ್ಡ್ಸ್ ತನ್ನ ಪಿಡಿಎಫ್‌ಗಳ ಆನ್‌ಲೈನ್ ಮಾರಾಟವನ್ನು ಇದ್ದಕ್ಕಿದ್ದಂತೆ ನಿಲ್ಲಿಸಿತ್ತು. ಕೊಂಡ ಕೂಡಲೇ ಇಳಿಸಿಕೊಂಡವರು ಬಚಾವಾದರು, ‘ಆಮೇಲೆ ಇಳಿಸಿದರಾಯ್ತು’ ಎಂದವರು ಪೇಚಿಗೆ ಸಿಕ್ಕಿದರು. ಆಟದ ನಾಲ್ಕನೇ ಆವೃತ್ತಿಯ ಕ್ಯಾರೆಕ್ಟರ್ ಬಿಲ್ಡರ್ ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸಾಫ್ಟ್‌ವೇರ್ ಆಗಿತ್ತು, 2010ರಲ್ಲಿ ಅದನ್ನು ವೆಬ್‌ಗೆ ಸೇರಿಸಿದರು. ಆ ವೆಬ್ ಆವೃತ್ತಿ ನಿಂತಿದ್ದು ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್ ಅನ್ನುವ ಬ್ರೌಸರ್ ಪ್ಲಗಿನ್ ಮೇಲೆ. ಸಿಲ್ವರ್‌ಲೈಟ್‌ಗೆ ಕಾಲ ಮುಗಿಯಿತು, 2020ರ ಹೊಸ ವರ್ಷಕ್ಕೆ ಆ ಟೂಲಿಗೂ ಬಾಗಿಲು ಹಾಕಿದರು. ಇದರಲ್ಲಿ ಮೋಸ ಏನಿಲ್ಲ. ಬೇರೆಯವರ ಮನೆಯಲ್ಲಿ ಇಟ್ಟ ಸಾಮಾನು ಅವರು ಬಾಗಿಲು ತೆಗೆದರೆ ಮಾತ್ರ ಸಿಗುತ್ತದೆ.

ನಿಜವಾದ ಬದಲಾವಣೆ ಯಾವಾಗ ಬರುತ್ತದೆ

ಬಿಯಾಂಡ್ ವಿಷಯದಲ್ಲಿ ಏನೇನಾಯಿತು ನೋಡಿ. ಕೊಂಡ ತಿಂಗಳಲ್ಲೇ ಎರಡು ಹಳೆಯ ಪುಸ್ತಕಗಳು ಮಾರಾಟದಿಂದ ಇಳಿದವು, ಅವುಗಳ ಜಾಗಕ್ಕೆ ತಿದ್ದಿದ ಹೊಸ ಪುಸ್ತಕ ಬಂತು. ಮೊದಲೇ ಕೊಂಡವರ ಹತ್ತಿರ ಹಳೆಯವು ಉಳಿದವು, ಹೊಸಬರಿಗೆ ಸಿಗಲಿಲ್ಲ. 2022ರ ಕೊನೆಗೆ ಅಚ್ಚಿನ ಪುಸ್ತಕ ಮತ್ತು ಡಿಜಿಟಲ್ ಕಾಪಿ ಸೇರಿಸಿದ ಬಂಡಲ್ ಬಂತು. ಇದು ನಿಜಕ್ಕೂ ಒಳ್ಳೆಯದೇ, ಎರಡೂ ಒಬ್ಬರ ಕೈಗೆ ಬಂದದ್ದರ ಲಾಭ. ಆದರೆ ನಿಮ್ಮ ಕಪಾಟಿನಲ್ಲಿ ಈಗಾಗಲೇ ಇದ್ದ ಪುಸ್ತಕಕ್ಕೆ ಏನೂ ಸಿಗಲಿಲ್ಲ. ಎರಡು ವರ್ಷ ಕಳೆದ ಮೇಲೆ, 2024ರಲ್ಲಿ, ಪುಸ್ತಕದಿಂದ ಒಂದೇ ಸಬ್‌ಕ್ಲಾಸನ್ನೋ ಒಂದೇ ರಾಕ್ಷಸನನ್ನೋ ಬಿಡಿಯಾಗಿ ಕೊಳ್ಳುವ ಅವಕಾಶ ಹೋಯಿತು. ನನಗೆ ಇದರ ಬಗ್ಗೆಯೇ ಜಾಸ್ತಿ ಬೇಸರ. ಕಡಿಮೆ ದುಡ್ಡಿನಲ್ಲಿ ಆಡುವವರಿಗೆ ಅದೇ ದಾರಿಯಾಗಿತ್ತು. ನಿಮ್ಮ ಟೂಲಿನಲ್ಲಿ ಈಗ ಬಿಡಿ ಖರೀದಿ ಇದ್ದರೆ, ಕ್ಯಾಂಪೇನ್‌ಗೆ ಖಂಡಿತ ಬೇಕಾದ ಒಂದೆರಡು ತುಣುಕುಗಳನ್ನು ತೆಗೆದುಕೊಂಡುಬಿಡಿ. ಬೇಡದ್ದನ್ನು ಹೆದರಿ ಕೊಳ್ಳಬೇಡಿ.

ಅದೇ 2024ರ ಆಗಸ್ಟ್‌ನಲ್ಲಿ ಇನ್ನೊಂದು ನಡೆಯಿತು. ಹೊಸ ನಿಯಮ ಪುಸ್ತಕ ಬರುತ್ತಿತ್ತು. ಕ್ಯಾರೆಕ್ಟರ್ ಶೀಟ್‌ಗಳಲ್ಲಿರುವ ಹಳೆಯ ಸ್ಪೆಲ್‌ಗಳೂ ಮಾಯಾ ವಸ್ತುಗಳೂ ಹೊಸ ಆವೃತ್ತಿಗೆ ತಾವಾಗಿಯೇ ಬದಲಾಗುತ್ತವೆ, ಹಳೆಯದು ಬೇಕಿದ್ದವರು ಹೋಮ್‌ಬ್ರೂ ಆಗಿ ತಾವೇ ಬರೆದುಕೊಳ್ಳಲಿ ಅಂತ ಪ್ರಕಟಣೆ ಬಂತು. ಅಂದರೆ ಕ್ಯಾಂಪೇನ್ ಅರ್ಧದಲ್ಲಿರುವಾಗ ನಿಮ್ಮ ಮಂತ್ರದ ಅರ್ಥವೇ ಬೇರೆ! ಜನ ಗಲಾಟೆ ಮಾಡಿದರು, ಕೆಲವೇ ದಿನಗಳಲ್ಲಿ ಆ ತೀರ್ಮಾನ ವಾಪಸಾಯಿತು. ಸದ್ಯ. ಆದರೂ ನೀವು ಗಲಾಟೆಯನ್ನು ನಂಬಿಕೊಂಡು ಕೂರಬಾರದು. ಹೊಸ ನಿಯಮಗಳು ಬರುತ್ತವೆ ಅನ್ನುವ ಸುಳಿವು ಸಿಕ್ಕ ದಿನವೇ ನಿಮ್ಮ ಸ್ಪೆಲ್‌ಗಳ ಪೂರ್ತಿ ವಿವರಣೆಯನ್ನು ಇಳಿಸಿಟ್ಟುಕೊಳ್ಳಿ. ಹೆಸರಿನ ಪಟ್ಟಿ ಸಾಲದು.

ಸಬ್‌ಸ್ಕ್ರಿಪ್ಷನ್ ನಿಲ್ಲಿಸಬೇಕೇ? ನನ್ನ ಸಲಹೆ ಇಷ್ಟು. ಆಟೋ ರಿನ್ಯೂವಲ್ ಈಗಲೇ ಆಫ್ ಮಾಡಿ, ಕಟ್ಟಿದ ಅವಧಿ ಮುಗಿಯುವವರೆಗೆ ಬಳಸಿ, ಆಮೇಲೆ ಯೋಚಿಸಿ. ಅಕೌಂಟನ್ನು ಮಾತ್ರ ಅಳಿಸಬೇಡಿ. ಸಬ್‌ಸ್ಕ್ರಿಪ್ಷನ್ ನಿಲ್ಲಿಸುವುದು, ಅಕೌಂಟ್ ಅಳಿಸುವುದು, ಎರಡೂ ಒಂದೇ ಅಂದುಕೊಂಡು ಕೊಂಡದ್ದನ್ನೆಲ್ಲ ಕಳೆದುಕೊಳ್ಳಬೇಡಿ. ನಿಲ್ಲಿಸುವುದರಿಂದ ಉಪಯೋಗ ಇಲ್ಲ ಅಂತಲ್ಲ. 2023ರ ಜನವರಿಯಲ್ಲಿ, 2000ದಿಂದ ನಡೆದುಬಂದಿದ್ದ ಓಪನ್ ಗೇಮ್ ಲೈಸೆನ್ಸನ್ನು (ಆಟದ ನಿಯಮಗಳನ್ನು ಬೇರೆಯವರೂ ಬಳಸಲು ಬಿಡುವ ಪರವಾನಗಿ) ಬದಲಿಸುವ ಕರಡು ಸೋರಿಕೆಯಾದಾಗ ತುಂಬಾ ಜನ ಬಿಯಾಂಡ್ ಸಬ್‌ಸ್ಕ್ರಿಪ್ಷನ್ ರದ್ದು ಮಾಡಿದರು. ಆ ತಿಂಗಳ 27ಕ್ಕೆ ಕಂಪನಿ ಹಿಂದೆ ಸರಿಯಿತು. ಸಿಟ್ಟು ತೋರಿಸಲು ಅದು ಒಳ್ಳೆಯ ಬಟನ್. ಆದರೆ ಬ್ಯಾಕಪ್ ತೆಗೆದ ಮೇಲೆ ಒತ್ತಿ.

ಅವತ್ತು ಇನ್ನೊಂದು ದೊಡ್ಡ ಲಾಭವೂ ಆಯಿತು, ಅದನ್ನು ಎಷ್ಟೋ ಜನ ಇನ್ನೂ ಬಳಸಿಕೊಂಡಿಲ್ಲ. ಆಟದ ಮೂಲ ನಿಯಮಗಳ ಎಸ್‌ಆರ್‌ಡಿ 5.1 ಅನ್ನುವ ದಾಖಲೆ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿಯಲ್ಲಿ ಹೊರಬಂತು. ಸುಮಾರು 400 ಪುಟ, ಪೂರ್ತಿ ಉಚಿತ, ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. 2025ರಲ್ಲಿ ಹೊಸ ನಿಯಮಗಳ 5.2 ಕೂಡ ಹಾಗೇ ಬಂತು. ಎರಡನ್ನೂ ಇವತ್ತೇ ಇಳಿಸಿಕೊಳ್ಳಿ. ಎಲ್ಲ ಇಲ್ಲ ಅದರಲ್ಲಿ. 5.1ರಲ್ಲಿ ಒಂದು ಕ್ಲಾಸಿಗೆ ಒಂದೇ ಸಬ್‌ಕ್ಲಾಸ್, ಒಟ್ಟಾರೆ ಒಂದೇ ಒಂದು ಫೀಟ್ (ಹೆಚ್ಚುವರಿ ಸಾಮರ್ಥ್ಯ). ಆದರೂ ಹನ್ನೆರಡು ಕ್ಲಾಸ್‌ಗಳು, ಸ್ಪೆಲ್‌ಗಳು, ರಾಕ್ಷಸರು ಇದ್ದಾರೆ. ಯಾವ ಸೈಟ್ ಮುಚ್ಚಿದರೂ ಮುಂದಿನ ವಾರದ ಆಟ ನಿಲ್ಲುವುದಿಲ್ಲ.

ಬೇರೆ ಟೂಲಿಗೆ ಹೋಗುವ ಮುಂಚೆ

ಬೇರೆ ಟೂಲುಗಳೂ ಮಾರಾಟವಾಗುತ್ತವೆ, ಇದನ್ನು ಮರೆಯಬೇಡಿ. ಡೆಮಿಪ್ಲೇನ್ ಅನ್ನುವ ಕ್ಯಾರೆಕ್ಟರ್ ಶೀಟ್ ಸೈಟನ್ನು 2024ರಲ್ಲಿ, ಆನ್‌ಲೈನ್ ಆಟದ ಮೇಜು ಕೊಡುವ ರೋಲ್20 ಕೊಂಡುಕೊಂಡಿತು. ಓಡಿಹೋದಲ್ಲಿಗೇ ಇದೇ ಸುದ್ದಿ ಬರಬಹುದು. ಹಾಗಾಗಿ ಹೊಸ ಟೂಲಿನ ಅಂದಚೆಂದ ನೋಡುವ ಮುಂಚೆ ಒಂದು ಪ್ರಶ್ನೆ ಕೇಳಿ: ಇದರಿಂದ ನನ್ನ ಡೇಟಾ ಹೊರಗೆ ತರುವುದು ಹೇಗೆ? ಫೌಂಡ್ರಿ ವಿಟಿಟಿಗೆ (ಇದೂ ಅಂಥದೇ ಆಟದ ಮೇಜಿನ ಸಾಫ್ಟ್‌ವೇರ್) ಒಂದೇ ಸಲ ದುಡ್ಡು ಕೊಟ್ಟರೆ ಸಾಕು, ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಫೈಲ್‌ಗಳು ನಿಮ್ಮ ಹತ್ತಿರವೇ ಇರುತ್ತವೆ. ಆದರೆ ಸೆಟಪ್ ಮಾಡುವಷ್ಟು ತಾಳ್ಮೆ ಒಬ್ಬರಿಗಾದರೂ ಇರಬೇಕು, ಅವರು ಗುಂಪು ಬಿಟ್ಟುಹೋಗಬಾರದು. ರೋಲ್20 ಬ್ರೌಸರಿನಲ್ಲೇ ಓಡುತ್ತದೆ, ಶುರು ಮಾಡುವುದು ಸುಲಭ, ಆದರೆ ಅಲ್ಲಿ ಇಟ್ಟದ್ದು ಅವರ ಸರ್ವರಿನಲ್ಲಿ.

ಒಂದು ಟೂಲಿನಿಂದ ಇನ್ನೊಂದಕ್ಕೆ ದಾಳದ ಲೆಕ್ಕ ಕಳಿಸುವ ಬ್ರೌಸರ್ ಎಕ್ಸ್‌ಟೆನ್ಷನ್‌ಗಳನ್ನು ನೀವು ಬಳಸುತ್ತಿದ್ದರೆ, ಸೈಟ್ ಸ್ವಲ್ಪ ಬದಲಾದರೂ ಮೊದಲು ಕೆಡುವುದು ಅವೇ. ಅವನ್ನು ಯಾರೋ ಬಿಡುವಿನ ವೇಳೆಯಲ್ಲಿ ಬರೆದಿರುತ್ತಾರೆ, ಸೈಟಿನವರು ಅವರನ್ನು ಕೇಳಿ ಬದಲಾಯಿಸುವುದಿಲ್ಲ. ಆಟದ ದಿನ ಮಧ್ಯಾಹ್ನವೇ ಒಂದು ಸಲ ದಾಳ ಉರುಳಿಸಿ ನೋಡಿ.

ಕೊನೆಗೆ ಒಂದು ಸೆಷನ್ ಪೂರ್ತಿ ಕಾಗದದ ಮೇಲೆ ಆಡಿ. ಸೈಟ್ ಬಿದ್ದುಹೋಗಿದೆ ಅಂತಲೇ ಅಂದುಕೊಂಡು ಪ್ರಿಂಟ್ ಮಾಡಿದ ಶೀಟ್, ಪೆನ್ಸಿಲ್, ನಿಜವಾದ ದಾಳಗಳು. ಮೊದಲ ಕಾಳಗ ನಿಧಾನ ಆಗುತ್ತದೆ, ಯಾರೋ ಒಬ್ಬರು ಸ್ಪೆಲ್ ಸ್ಲಾಟ್ (ಇನ್ನೆಷ್ಟು ಮಂತ್ರ ಹಾಕಬಹುದು ಅನ್ನುವ ಲೆಕ್ಕ) ಎಣಿಸಲು ಮರೆಯುತ್ತಾರೆ. ಬ್ಯಾಕಪ್‌ನಲ್ಲಿ ಏನು ಬಿಟ್ಟುಹೋಗಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ನಮಗೆ ಗೊತ್ತಾಗಿದ್ದು, ಡ್ರೂಯಿಡ್ ಯಾವ ಪ್ರಾಣಿಯಾಗಿ ಬದಲಾಗಬಹುದು ಅನ್ನುವ ಪಟ್ಟಿಯೇ ಯಾರ ಹತ್ತಿರವೂ ಇಲ್ಲ ಅಂತ. ಅವತ್ತು ನಮ್ಮ ಡ್ರೂಯಿಡ್ ಇಡೀ ಸಂಜೆ ಕರಡಿಯಾಗಿಯೇ ಇದ್ದಳು. ಸಿಕ್ಕ ಕೊರತೆಗಳನ್ನು ಮಾರನೇ ದಿನ ತುಂಬಿಸಿ. ಆಮೇಲೆ ಕ್ಯಾರೆಕ್ಟರ್ ಲೆವೆಲ್ ಏರಿದಾಗಲೆಲ್ಲ ಹೊಸ ಪಿಡಿಎಫ್ ತೆಗೆದು ತಾರೀಖು ಹಾಕಿ ಅದೇ ಫೋಲ್ಡರಿಗೆ ಸೇರಿಸಿ, ಹಳೆಯದನ್ನು ಅಳಿಸಬೇಡಿ.